ಒಂದು ಹಳೆಯ ಬಯೊನೆಟ್ಟಿನ ಕಾಲನಿರ್ಣಯ

ಹಳೆಯ ವಿದ್ಯಾರ್ಥಿನಿಯರೂ ಪೋಷಕ ಮಹನೀಯರೂ ಈ ಸಂಚಿಕೆಯನ್ನು ಕೈಗೆತ್ತಿಕೊಂಡಾಗ ಮೊದಲು ಹುಡುಕುವುದು ಪರೀಕ್ಷೆಯ ಫಲಿತಾಂಶವನ್ನೂ ತಮ್ಮ ಕಾಲದ ಉಪಾಧ್ಯಾಯಿನಿಯರ ಕ್ಷೇಮಸಮಾಚಾರವನ್ನೂ ಎಂಬದು ನನಗೆ ಗೊತ್ತುಂಟು. ಅವು ಬೇರೆ ಪುಟಗಳಲ್ಲಿ ಇವೆ. ನಾನು ಈ ಸಲ ಬರೆಯುವುದು ಒಂದು ಆಯುಧದ ವಿಷಯವಾಗಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಯುಧಕ್ಕೇನು ಕೆಲಸವೆಂದು ತಾಯಂದಿರಲ್ಲಿ ಇಬ್ಬರು ಮೂವರು ಆಗಲೇ ಕೇಳಿದ್ದಾರೆ, ಪ್ರಶ್ನೆಯು ನ್ಯಾಯವಾದದ್ದೇ. ಅವರಿಗೆ ಆಗ ಸಾವಕಾಶವಾಗಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಚರಿತ್ರೆಯ ಉಪಾಧ್ಯಾಯಿನಿಯವರ ಸೂಚನೆಯ ಮೇರೆಗೆ, ಮಕ್ಕಳ ಮನೆಗಳಲ್ಲಿರುವ ಹಳೆಯ ವಸ್ತುಗಳ ಪ್ರದರ್ಶನವೊಂದನ್ನು ಏರ್ಪಡಿಸಲು ನಿಶ್ಚಯವಾಯಿತು. ಸೇರು, ಪಾವು, ಕಳಸಿಗೆ, ಮರದ ಮರಿಗೆ, ತಾಳೆಗರಿಯ ಕಟ್ಟು, ಕೈಮಗ್ಗದ ಲಾಳಿ ಮೊದಲಾದವು ಒಂದೊಂದಾಗಿ ಬಂದವು. ಹೀಗಿರಲಾಗಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆಯವರು ನನ್ನನ್ನು ಕಾಣಲು ಬಂದರು. ಮಣಿಪಾಲದಿಂದ ಹಿರಿಯಡಕದ ಕಡೆಗೆ ಹೋಗುವ ದಾರಿಯಲ್ಲಿ, ಪರ್ಕಳದಲ್ಲಿ, ಅವರ ಹಿರಿಯರ ಮನೆ. ಆ ಮನೆಯಲ್ಲಿ ಕಲ್ಯಾಣಪ್ಪನ ಕಾಟಕಾಯಿಯ ಕಾಲದ ಕತ್ತಿಯೊಂದು ಉಂಟೆಂದೂ, ಅದನ್ನು ಪ್ರದರ್ಶನಕ್ಕೆ ಕೊಡುವೆವೆಂದೂ, ಆದರೆ ಅದರ ಕೆಳಗೆ ‘೧೮೩೭’ ಎಂದು ದೊಡ್ಡಕ್ಷರದ ಚೀಟಿಯನ್ನು ಇಡಬೇಕೆಂದೂ ಅವರು ಹೇಳಿದರು.

ಕಾಟಕಾಯಿಯ ಸಂಗತಿ ಈ ಕರಾವಳಿಯವರಿಗೆ ಹೊಸದಲ್ಲ. ೧೮೩೭ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಸುಳ್ಯ, ಕೊಡಗುಗಳ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ಹಿಡಿದು, ಬಾವುಟಗುಡ್ಡೆಯಲ್ಲಿ ತನ್ನ ಧ್ವಜವನ್ನೇರಿಸಿ, ಸುಮಾರು ಎರಡು ವಾರಗಳ ಮಟ್ಟಿಗೆ ಕಂಪೆನಿ ಸರಕಾರವನ್ನು ಅಲ್ಲಿಂದ ಹೊರಗಟ್ಟಿತ್ತು. ಅದರ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯು ೨೦೨೨ರಲ್ಲಿ ಅದೇ ಬಾವುಟಗುಡ್ಡೆಯಲ್ಲಿ ಸ್ಥಾಪಿಸಲ್ಪಟ್ಟಿತು. ಅಂಥ ಸಂಗ್ರಾಮದಲ್ಲಿ ತನ್ನ ಮನೆಯ ಹಿರಿಯನೊಬ್ಬನು ಕಂಪೆನಿಯ ಸಿಪಾಯಿಯ ಕೈಯಿಂದ ಕಿತ್ತುಕೊಂಡ ಕತ್ತಿ ಇದು ಎಂದು ಒಂದು ಮಗು ಹೇಳಿಕೊಳ್ಳುವುದರಲ್ಲಿ ಎಷ್ಟು ಸಂತೋಷವಿರಬಹುದೆಂಬದನ್ನು ನಾನು ಬಲ್ಲೆ. ಆದರೆ ಚೀಟಿ ಬರೆಯುವ ಕೈ ಶಾಲೆಯದು. ಶಾಲೆಯ ಗೋಡೆಯ ಮೇಲೆ ಕಂಡ ಇಸವಿಯನ್ನು ಮಕ್ಕಳು ಐವತ್ತು ವರ್ಷ ನಂಬುತ್ತಾರೆ. ಆದದರಿಂದ, ಮೊದಲು ವಸ್ತುವನ್ನು ನೋಡೋಣ, ಚೀಟಿಯನ್ನು ಆಮೇಲೆ ಬರೆಯೋಣ ಎಂದು ಒಪ್ಪಂದವಾಯಿತು. ಕಾಯಿದೆಯ ಕೆಳಗಣ ಆಯುಧಗಳ ಪಟ್ಟಿಯಲ್ಲಿ ಬಯೊನೆಟ್ಟಿನ ಹೆಸರು ಸ್ಪಷ್ಟವಾಗಿ ಇರುವುದರಿಂದ, ಮನೆಯಿಂದ ಹೊರಡಿಸುವ ಮೊದಲು ಪೊಲೀಸು ಠಾಣೆಗೆ ಬರಹದ ಮೂಲಕ ತಿಳಿಸಬೇಕೆಂದೂ ಹೇಳಿದೆನು. ಅವರು ಹಾಗೆಯೇ ಮಾಡಿದರು. ಇಂಥ ವಸ್ತು ಯಾರ ಮನೆಯಲ್ಲಿದ್ದರೂ ಇದು ಒಳ್ಳೆಯ ಕ್ರಮ.

ಗೋಣಿಯಲ್ಲಿ ಸುತ್ತಿ ತಂದ ಕತ್ತಿಯು ಕಪ್ಪಾಗಿತ್ತು. ಹಿಡಿಯ ಬಳಿಯಲ್ಲಂತೂ ಯಾವುದೋ ಅಂಟು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಹುಣಿಸೆಹುಳಿ, ಬೂದಿಗಳನ್ನು ಹಾಕಿ ತಿಕ್ಕಿ ಬೆಳ್ಳಗೆ ಮಾಡಿ ತರಬೇಕೆಂದಿದ್ದೆವು, ಸಮಯ ಸಾಲಲಿಲ್ಲ ಎಂದು ತಂದೆಯವರು ಸಂಕೋಚಪಟ್ಟರು. ಸಮಯ ಸಾಲದೆ ಹೋದದ್ದು ನಮ್ಮ ಭಾಗ್ಯವೇ ಸರಿ. ಹುಳಿಯು ತುಕ್ಕನ್ನು ಮಾತ್ರವಲ್ಲ, ಉಕ್ಕನ್ನೂ ತಿನ್ನುತ್ತದೆ. ಉಕ್ಕಿನ ಮೇಲೆ ಒತ್ತಿದ ಮುದ್ರೆಗಳಾದರೋ ಕೂದಲೆಳೆಯಷ್ಟೇ ಆಳವಾಗಿರುತ್ತವೆ. ಹಳೆಯ ಕಬ್ಬಿಣದ ಸಾಮಾನುಗಳನ್ನು ಮರಳುಕಾಗದದಿಂದ ಉಜ್ಜಿ ಹೊಳೆಯಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಉಜ್ಜಿದವನಿಗೆ ಹೊಳಪು ಸಿಕ್ಕುತ್ತದೆ, ಓದುವವನಿಗೆ ಏನೂ ಉಳಿಯುವುದಿಲ್ಲ.

ಬಯೊನೆಟ್ಟು ಎಂದರೆ ಏನೆಂದು ಹುಡುಗಿಯರಿಗೆ ಮೊದಲು ತಿಳಿಸಬೇಕಾಯಿತು. ಹಿಂದಿನವರು ಸನೀನು ಎಂದು ಕರೆಯುತ್ತಿದ್ದ ಇದು ಕೋವಿಯ ಮೂತಿಗೆ ಸಿಕ್ಕಿಸುವ ಕತ್ತಿ. ಫ್ರಾನ್ಸಿನ ಬಯೋನ್ ಎಂಬ ಪಟ್ಟಣದಿಂದ ಆ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಅದರ ಹಿಡಿಯನ್ನು ಕೋವಿಯ ನಳಿಗೆಯೊಳಕ್ಕೇ ಬೆಣೆಯಂತೆ ತುರುಕುತ್ತಿದ್ದರು. ತುರುಕಿದ ಮೇಲೆ ಗುಂಡು ಹಾರಿಸುವಂತಿರಲಿಲ್ಲ. ೧೬೮೯ರಲ್ಲಿ ಸ್ಕಾಟ್ಲೆಂಡಿನ ಕಿಲ್ಲಿಕ್ರಾಂಕಿಯಲ್ಲಿ ಸರಕಾರದ ಸೈನ್ಯವು ಈ ತೊಡಕಿಗೆ ಸಿಕ್ಕಿ ನಾಶವಾಯಿತು. ಆ ಮೇಲೆ ನಳಿಗೆಯ ಹೊರಗೆ ಬಳೆಯಂತೆ ಕೂರುವ ಕೊಳವೆಯುಳ್ಳ ಬಯೊನೆಟ್ಟು ಎಲ್ಲೆಡೆಯಲ್ಲೂ ಬಳಕೆಗೆ ಬಂತು. ಈಸ್ಟ್ ಇಂಡಿಯಾ ಕಂಪೆನಿಯ ಸಿಪಾಯಿಗಳ ಕೋವಿಗೆ ಇದ್ದದ್ದು ಈ ಬಗೆಯದೇ. ಅದಕ್ಕೆ ಮರದ ಹಿಡಿ ಇರುವುದಿಲ್ಲ; ಒಂದು ಉಕ್ಕಿನ ಕೊಳವೆ, ಅದರ ಪಕ್ಕದಿಂದ ಬಾಗಿ ಹೊರಟ, ಮೂರು ಮೂಲೆಯ, ಸುಮಾರು ಹದಿನೇಳು ಅಂಗುಲದ ಸಲಾಕೆ, ಇಷ್ಟೇ. ಅದು ಚುಚ್ಚುತ್ತದೆ, ಕೊಯ್ಯುವುದಿಲ್ಲ. ೧೮೩೭ರಲ್ಲಿ ಮಂಗಳೂರಿನ ಸಿಪಾಯಿಯ ಕೋವಿಯ ತುದಿಯಲ್ಲಿ ಇದ್ದದ್ದು ಅದೇ ಆಗಿರಬೇಕು.

ನಮ್ಮ ಮುಂದೆ ಇದ್ದ ಕತ್ತಿಗಾದರೋ ಎರಡು ಬದಿಗೂ ಮರದ ಹಿಡಿ, ಒಂದೇ ಬಾಯಿ, ಉದ್ದಕ್ಕೂ ಒಂದು ತೋಡು. ಆಕಾರದಿಂದಲೇ ಸಂದೇಹ ಹುಟ್ಟಿತು. ಆದಾಗ್ಯೂ ಆಕಾರವನ್ನು ನಂಬಿ ತೀರ್ಪು ಕೊಡುವುದಕ್ಕಿಂತ ಅಳತೆಯನ್ನು ನಂಬುವುದು ಲೇಸು. ಭೌತಶಾಸ್ತ್ರದ ಕೊಠಡಿಯಿಂದ ವರ್ನಿಯರ್ ಕೈವಾರವನ್ನು ತರಿಸಿದೆವು. ಕತ್ತಿಯ ಅಡ್ಡಪಟ್ಟಿಯಲ್ಲಿ ಕೋವಿಗೆ ಸಿಕ್ಕಿಸಲು ಒಂದು ಉಂಗುರ ಉಂಟಷ್ಟೆ. ಅದರ ಒಳವ್ಯಾಸವು ಹದಿನಾರೂವರೆ ಮಿಲಿಮೀಟರ್, ಅಂದರೆ ಅಂಗುಲದ ನೂರರಲ್ಲಿ ಅರವತ್ತೈದು ಪಾಲು. ಕಂಪೆನಿಯ ಕೋವಿಯ ನಳಿಗೆಯ ಒಳಗಿನ ತೂತೇ ಮುಕ್ಕಾಲು ಅಂಗುಲ, ನೂರರಲ್ಲಿ ಎಪ್ಪತ್ತೈದು ಪಾಲು. ನಳಿಗೆಯ ತೂತಿಗಿಂತ ಕಿರಿದಾದ ಉಂಗುರವು ಆ ನಳಿಗೆಯ ಹೊರಗೆ ಹೇಗೆ ಕೂತೀತು? ಈ ಪ್ರಶ್ನೆಯನ್ನು ಕೇಳಿದ್ದು ನಾನಲ್ಲ, ಲೆಕ್ಕದಲ್ಲಿ ಯಾವಾಗಲೂ ಹಿಂದೆ ಉಳಿಯುವ ಒಬ್ಬ ಹುಡುಗಿ. ಅಲ್ಲಿಗೆ ೧೮೩೭ರ ಮಾತು ಮುಗಿಯಿತು. ತಂದೆಯವರ ಮುಖವು ಬಾಡಿದ್ದನ್ನು ಕಂಡು ನನಗೆ ಕಷ್ಟವಾಯಿತು. ಆದರೆ ಅವರು, ಮುಂದೇನೆಂದು ನೋಡಿರಿ ಎಂದರು. ಆ ಮಾತಿಗಾಗಿ ಅವರನ್ನು ನಾನು ಗೌರವಿಸುತ್ತೇನೆ.

ಮುಂದಿನದ್ದು ಓದುವ ಕೆಲಸ. ಓದಲಿಕ್ಕೆ ಅಂಟು ಅಡ್ಡಿ. ಅದನ್ನು ಮೂಸಿ ನೋಡಿದ ನಮ್ಮ ಶಾಲೆಯ ಆಯಾ, ಇದು ಹಲಸಿನ ಮೇಣವಲ್ಲವೇ ಅಮ್ಮಾ ಎಂದಳು. ಹಲಸಿನ ಮೇಣಕ್ಕೆ ತೆಂಗಿನೆಣ್ಣೆಯೇ ಮದ್ದೆಂಬದು ನಮ್ಮ ಕಡೆಯ ಯಾವ ಅಡಿಗೆಮನೆಯಲ್ಲಿಯೂ ಕಲಿಯಬಹುದಾದ ವಿದ್ಯೆ. ಎಣ್ಣೆ ಹಚ್ಚಿ ಎರಡು ದಿನ ಬಿಟ್ಟು, ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿದಾಗ ಅಕ್ಷರಗಳು ಮೇಲೆ ಬಂದವು. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಆಳವಿಲ್ಲದ ಗೆರೆಯೂ ನೆರಳಾಗಿ ಕಾಣುತ್ತದೆ. ಅಲ್ಲಿ ಮೇಲೆ ಒಂದು ಕಿರೀಟ, ಅದರ ಕೆಳಗೆ ಜಿ ಮತ್ತು ಆರ್ ಎಂಬ ಎರಡು ಇಂಗ್ಲಿಷ್ ಅಕ್ಷರ, ಅದರ ಕೆಳಗೆ ೧೯೦೭.

ಸಿಕ್ಕಿತು ಸಿಕ್ಕಿತು ಎಂದು ಹುಡುಗಿಯರೆಲ್ಲರೂ ಕೂಗಿದರು. ಇಸವಿಯನ್ನು ಕಂಡಾಕ್ಷಣ ಹೀಗೆ ಕೂಗದವರು ಯಾರು? ಆದರೆ ಆ ಅಂಕಿ ಕತ್ತಿಯು ಹುಟ್ಟಿದ ವರ್ಷವಲ್ಲ, ಅದರ ಮಾದರಿಯು ಹುಟ್ಟಿದ ವರ್ಷ. ಬ್ರಿಟಿಷ್ ಸೈನ್ಯವು ೧೯೦೭ರಲ್ಲಿ ನಿರ್ಣಯಿಸಿದ ಮಾದರಿಯ ಬಯೊನೆಟ್ಟು ಎಂದು ಅದರ ಅರ್ಥ. ಅದೇ ಅಂಕಿಯನ್ನು ಒತ್ತಿ ಮುಂದೆ ಎಷ್ಟೋ ವರ್ಷಗಳ ವರೆಗೆ ಲಕ್ಷಾಂತರ ಕತ್ತಿಗಳು ಮಾಡಲ್ಪಟ್ಟವು. ಅಂಕಿಯು ಸುಳ್ಳು ಹೇಳುವುದಿಲ್ಲ. ನಾವು ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತದೆ. ಪಠ್ಯಪುಸ್ತಕದ ಮೊದಲ ಪುಟವನ್ನು ತೆರೆಯಿಸಿ, ಮೊದಲ ಮುದ್ರಣದ ವರ್ಷವೂ ಈ ಪ್ರತಿ ಅಚ್ಚಾದ ವರ್ಷವೂ ಬೇರೆ ಬೇರೆಯಾಗಿರುವುದನ್ನು ತೋರಿಸಿದ ಮೇಲೆ ಅವರಿಗೆ ಸುಲಭವಾಗಿ ತಿಳಿಯಿತು.

ಈ ಮಾದರಿಯಲ್ಲಿ ಒಂದು ಚಂದದ ಲೆಕ್ಕವೂ ಅಡಗಿದೆ. ಅದಕ್ಕೆ ಹಿಂದಿನ ಲೀ ಎನ್‌ಫೀಲ್ಡ್ ಕೋವಿಯ ಉದ್ದ ಹೆಚ್ಚು ಕಡಿಮೆ ನಲವತ್ತೊಂಬತ್ತೂವರೆ ಅಂಗುಲ, ಅದರ ಬಯೊನೆಟ್ಟಿನ ಅಲಗು ಹನ್ನೆರಡು ಅಂಗುಲ. ಕಾಲಾಳಿಗೂ ಕುದುರೆ ಸವಾರನಿಗೂ ಒಂದೇ ಕೋವಿ ಸಾಕೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋವಿಯನ್ನು ಐದು ಅಂಗುಲ ಗಿಡ್ಡ ಮಾಡಿದರು. ಹಾಗೆ ಮಾಡಿದ್ದರಿಂದ ಎದುರಾಳಿಗಿಂತ ಕೈ ಗಿಡ್ಡವಾಯಿತೆಂದು ಚಿಂತೆ ಹತ್ತಿತು. ಜಪಾನಿನ ಸೈನ್ಯದ ಉದ್ದನೆಯ ಬಯೊನೆಟ್ಟನ್ನು ನೋಡಿ, ಅದನ್ನು ಅನುಸರಿಸಿ, ಅಲಗನ್ನು ಹದಿನೇಳು ಅಂಗುಲಕ್ಕೆ ಏರಿಸಿದರು. ಕೋವಿಯಲ್ಲಿ ಕಳೆದ ಐದು ಕತ್ತಿಯಲ್ಲಿ ಕೂಡಿತು. ನಮ್ಮ ಕತ್ತಿಯ ಅಲಗು ಹದಿನಾರೂ ಮುಕ್ಕಾಲು. ತುದಿಯು ತಿರುಗಿ ಸಾಣೆ ಹಿಡಿಯಲ್ಪಟ್ಟು ದುಂಡಗಾಗಿರುವುದೇ ಕಾಲಂಗುಲದ ಕೊರತೆಗೆ ಕಾರಣ. ಈ ಬಗೆಯ ಕೋವಿಯಲ್ಲಿ ಉಂಗುರವು ನಳಿಗೆಯ ಸುತ್ತ ಕೂರದೆ, ಅದರ ಕೆಳಗಿನ ಒಂದು ಚಿಕ್ಕ ಮೊಳೆಯ ಮೇಲೆ ಕೂರುತ್ತದೆ. ಉಂಗುರವು ಅಷ್ಟು ಕಿರಿದಾಗಿರುವುದು ಅದಕ್ಕಾಗಿಯೇ.

ಹಾಗಾದರೆ ನಿಜವಾದ ವರ್ಷ ಯಾವುದು? ೧೯೦೭ರ ಕೆಳಗೆ, ಮೇಣದ ಕೊನೆಯ ಪದರವು ಎದ್ದ ಮೇಲೆ, ಒಂದು ‘೧’, ಸ್ವಲ್ಪ ಬಿಟ್ಟು ‘೧೮’ ಕಂಡವು. ಮೊದಲಿನದು ತಿಂಗಳು, ಎರಡನೆಯದು ವರ್ಷ: ೧೯೧೮ರ ಜನವರಿ. ಅದರ ಕೆಳಗೆ ಮಾಡಿದವರ ಹೆಸರು, ಸ್ಯಾಂಡರ್ಸನ್. ಇಂಗ್ಲೆಂಡಿನ ಉಕ್ಕಿನ ಪಟ್ಟಣವಾದ ಶೆಫೀಲ್ಡಿನವರು. ಇದೇ ಮಾದರಿಯನ್ನು ಲಂಡನಿನ ವಿಲ್ಕಿನ್ಸನ್‌ರವರೂ ಆಸ್ಟ್ರೇಲಿಯದ ಲಿತ್‌ಗೋದವರೂ ನಮ್ಮ ಬಂಗಾಳದ ಈಶಾಪುರ ಕಾರ್ಖಾನೆಯವರೂ ಮಾಡಿದ್ದಾರೆ. ಜಿ ಆರ್ ಎಂದರೆ ಜಾರ್ಜ್ ರೆಕ್ಸ್, ಲ್ಯಾಟಿನಿನಲ್ಲಿ ಜಾರ್ಜ್ ಅರಸ. ೧೯೧೦ರಿಂದ ಪಟ್ಟದಲ್ಲಿದ್ದವನು ಐದನೆಯ ಜಾರ್ಜ್.

ಒಂದು ಸಾಕ್ಷಿಯನ್ನು ಕೇಳಿ ಸುಮ್ಮನಾಗಬಾರದೆಂದು ಬೇರೆ ಗುರುತುಗಳನ್ನೂ ನೋಡಿದೆವು. ಮೊದಮೊದಲು ಈ ಮಾದರಿಯ ಅಡ್ಡಪಟ್ಟಿಗೆ ಕೆಳಗಡೆ ಕೊಕ್ಕೆಯಂತೆ ಬಾಗಿದ ಮೂಗು ಇತ್ತು. ೧೯೧೩ರಲ್ಲಿ ಅದನ್ನು ಬಿಟ್ಟುಬಿಟ್ಟರು, ಹಳೆಯ ಕತ್ತಿಗಳ ಮೂಗನ್ನೂ ಹೆಚ್ಚಾಗಿ ಕತ್ತರಿಸಿದರು. ನಮ್ಮದರಲ್ಲಿ ಮೂಗೂ ಇಲ್ಲ, ಕತ್ತರಿಸಿ ಅರದಿಂದ ಉಜ್ಜಿದ ಕಲೆಯೂ ಇಲ್ಲ. ಹಿಡಿಯ ತುದಿಯಲ್ಲಿ ಒಂದು ಸಣ್ಣ ರಂಧ್ರ ಉಂಟು. ಕೋವಿಗೆ ಜಾರಿಸುವ ಗಾಡಿಯಲ್ಲಿ ಕೆಸರು ಕಟ್ಟಿಕೊಂಡರೆ ಹೊರಗೆ ತಳ್ಳುವುದಕ್ಕಾಗಿ ಅದನ್ನು ಕೊರೆಯಲು ಆರಂಭಿಸಿದ್ದು ೧೯೧೬ರಲ್ಲಿ. ಫ್ರಾನ್ಸಿನ ಕಂದಕಗಳ ಕೆಸರನ್ನು ನೆನೆಸಿಕೊಂಡರೆ ಆ ರಂಧ್ರದ ಅವಶ್ಯಕತೆ ಅರ್ಥವಾಗುತ್ತದೆ. ಇವೆಲ್ಲವೂ ೧೯೧೮ಕ್ಕೆ ಹೊಂದಿಕೊಂಡವು.

ಆಗ ತಂದೆಯವರು ಮತ್ತೊಂದು ಸಂಗತಿಯನ್ನು ಹೇಳಿದರು. ಅವರ ಅಜ್ಜನ ತಂದೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬಸ್ರಾಕ್ಕೆ ಹೋಗಿದ್ದರಂತೆ. ಮನೆಯಲ್ಲಿ ಆ ವಿಷಯವನ್ನು ಯಾರೂ ದೊಡ್ಡದು ಮಾಡಿ ಹೇಳುತ್ತಿರಲಿಲ್ಲ. ಪರರಾಯರಿಗಾಗಿ ಕೂಲಿಗೆ ಹೋದದ್ದನ್ನು ಹೇಳಿಕೊಳ್ಳುವುದೇನು ಎಂಬ ಭಾವನೆ. ಈಗ ಕತ್ತಿಯು ೧೯೧೮ರದೆಂದಾದ ಮೇಲೆ, ಅದನ್ನು ಅವರೇ ತಂದಿರಬೇಕೆಂದು ತಂದೆಯವರಿಗೆ ಖಚಿತವಾಗಿ ತೋರಿತು. ಕೇಳುತ್ತಿದ್ದ ಹುಡುಗಿಯರಿಗೂ ಹಾಗೆಯೇ ತೋರಿತು. ಕಥೆಯು ಎಷ್ಟು ಅಂದವಾಗಿ ಕೂಡಿಕೊಳ್ಳುತ್ತದೆ ನೋಡಿರಿ! ಒಂದು ಕಥೆ ಬಿದ್ದ ಕೂಡಲೇ ಅದೇ ಸ್ಥಳದಲ್ಲಿ ಇನ್ನೊಂದನ್ನು ನಿಲ್ಲಿಸಲು ನಮ್ಮ ಮನಸ್ಸು ಕಾದುಕೊಂಡಿರುತ್ತದೆ. ಕತ್ತಿಯ ಇನ್ನೊಂದು ಬದಿಯನ್ನು ನಾವಿನ್ನೂ ಓದಿರಲಿಲ್ಲ.

ಆ ಬದಿಯಲ್ಲಿ ಇದ್ದವು ಇವು: ಸರಕಾರದ ಸೊತ್ತೆಂದು ತೋರಿಸುವ ಅಗಲವಾದ ಬಾಣದ ಗುರುತು, ಅಲಗನ್ನು ಬಗ್ಗಿಸಿ ಪರೀಕ್ಷಿಸಿದ್ದಕ್ಕೆ ಗುಣಾಕಾರದಂಥ ಒಂದು ಗುರುತು, ಪರೀಕ್ಷಕರ ಚಿಕ್ಕ ಕಿರೀಟಗಳು, ಬಾಣದ ಕೆಳಗೆ ಐ ಎಂಬ ಇಂಗ್ಲಿಷ್ ಅಕ್ಷರವಿರುವ ಮತ್ತೊಂದು ಮುದ್ರೆ, ಅದು ಇಂಡಿಯಾ ಸರಕಾರದ ಉಗ್ರಾಣದ್ದು, ಮತ್ತು ಕೊನೆಯಲ್ಲಿ, ಬೇರೆ ಅಚ್ಚಿನಿಂದ ಒತ್ತಿದ ‘೨೪’. ಹಳೆಯ ಕತ್ತಿಯನ್ನು ಸೈನ್ಯದವರು ತಿರುಗಿ ಪರೀಕ್ಷಿಸಿ, ದುರಸ್ತು ಮಾಡಿ, ಇನ್ನೊಮ್ಮೆ ಬಳಕೆಗೆ ಕೊಟ್ಟಾಗ ಆ ವರ್ಷವನ್ನು ಹೀಗೆ ಒತ್ತುತ್ತಿದ್ದರು. ಅಂದರೆ ೧೯೨೪ರಲ್ಲಿ ಈ ಕತ್ತಿಯು ಸೈನ್ಯದ ಕೈಯಲ್ಲಿಯೇ ಇತ್ತು. ಬಸ್ರಾಕ್ಕೆ ಹೋದ ಹಿರಿಯರಾದರೋ ೧೯೨೦ರಲ್ಲಿ ಪರ್ಕಳದಲ್ಲಿ ಇದ್ದರೆಂಬದಕ್ಕೆ ಅವರ ಹೆಸರಿನ ಗೇಣಿಚೀಟು ಅದೇ ಮನೆಯ ಪೆಟ್ಟಿಗೆಯಲ್ಲಿ ಉಂಟು. ನಾಲ್ಕು ವರ್ಷ ಮೊದಲು ಮನೆಗೆ ಬಂದವರ ಗಂಟಿನಲ್ಲಿ ಈ ಕತ್ತಿ ಬಂದಿರಲಾರದು.

ಎರಡನೆಯ ಸಾರಿಯೂ ನಿರಾಶೆ ಮಾಡಬೇಕಾಗಿ ಬಂದದ್ದು ನನಗೆ ಇಷ್ಟವಾದ ಕೆಲಸವಾಗಿರಲಿಲ್ಲ. ಆದರೆ ಗೇಣಿಚೀಟನ್ನು ಹುಡುಕಲು ಪೆಟ್ಟಿಗೆಯನ್ನು ತೆರೆದದ್ದರಿಂದ ಇನ್ನೊಂದು ವಸ್ತುವು ಹೊರಗೆ ಬಂತು. ಮೂವತ್ತಾರು ಮಿಲಿಮೀಟರ್ ಅಗಲದ ಒಂದು ಕಂಚಿನ ಬಿಲ್ಲೆ, ಒಂದು ಕಡೆಯಲ್ಲಿ ಅರಸನ ತಲೆ, ಇನ್ನೊಂದು ಕಡೆಯಲ್ಲಿ ಕುದುರೆಯ ಮೇಲೆ ಕೂತ ಬೆತ್ತಲೆ ಮನುಷ್ಯ. ಕುದುರೆಯ ಚಿತ್ರವಿದ್ದುದರಿಂದ ಯಾವುದೋ ಕುದುರೆ ಜೂಜಿನ ಪದಕವೆಂದು ಮನೆಯವರು ನಂಬಿ, ಅದು ಮರ್ಯಾದೆಯ ವಿಷಯವಲ್ಲವೆಂದು ಪೆಟ್ಟಿಗೆಯ ಅಡಿಯಲ್ಲಿ ಹಾಕಿಟ್ಟಿದ್ದರು. ಕುದುರೆಯ ಕಾಲ ಕೆಳಗೆ ಹದ್ದಿನ ಗುರಾಣಿಯೂ ತಲೆಬುರುಡೆಯೂ, ಎರಡು ಕಡೆಗಳಲ್ಲಿ ೧೯೧೪, ೧೯೧೮ ಎಂಬ ಇಸವಿಗಳೂ ಇದ್ದವು. ಅದು ಬ್ರಿಟಿಷ್ ವಾರ್ ಮೆಡಲ್. ಅದನ್ನು ಹೋರಾಡುವ ಸಿಪಾಯಿಗಳಿಗೆ ಬೆಳ್ಳಿಯಲ್ಲಿ ಕೊಟ್ಟರು. ಕೂಲಿದಳ, ಪೋರ್ಟರ್ ದಳಗಳವರಿಗೆ ಕಂಚಿನಲ್ಲಿ ಕೊಟ್ಟರು. ಅದೇ ಹಡಗು, ಅದೇ ಬಿಸಿಲು, ಅದೇ ಜ್ವರ. ಲೋಹ ಮಾತ್ರ ಬೇರೆ. ಈ ಪದಕದ ಒಂದು ಗುಣವೇನಂದರೆ, ಅದರ ಅಂಚಿನಲ್ಲಿ ಪಡೆದವನ ಸಂಖ್ಯೆ, ಹೆಸರು, ದಳಗಳನ್ನು ಒತ್ತಿರುತ್ತಾರೆ. ಭೂತಗನ್ನಡಿ ಹಿಡಿದು ಮಗಳು ಒಂದೊಂದೇ ಅಕ್ಷರವನ್ನು ಓದಿದಳು, ತಂದೆ ಬರೆದುಕೊಂಡರು. ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಹೆಸರು ಅಂದಗೆಟ್ಟಿತ್ತು, ಆದರೂ ಅವರ ಅಜ್ಜನ ತಂದೆಯ ಹೆಸರೇ. ಕೊನೆಯಲ್ಲಿ ಪೋರ್ಟರ್ ಕೋರ್, ಹೊರೆ ಹೊರುವವರ ದಳ.

ಆ ಯುದ್ಧಕ್ಕಾಗಿ ಹಿಂದೂದೇಶದಲ್ಲಿ ಸೇರಿಸಲ್ಪಟ್ಟ ಸುಮಾರು ಹದಿನಾಲ್ಕು ಲಕ್ಷ ಮಂದಿಯಲ್ಲಿ ಐದೂವರೆ ಲಕ್ಷಕ್ಕಿಂತ ಹೆಚ್ಚು ಮಂದಿ ಆಯುಧ ಹಿಡಿಯದವರು: ಹೊರೆಯಾಳುಗಳು, ಅಡಿಗೆಯವರು, ನೀರು ಹೊರುವವರು, ಹೇಸರಗತ್ತೆಗಳನ್ನು ಮೇಯಿಸುವವರು, ಡೋಲಿ ಹೊರುವವರು. ೧೯೧೪ರ ನವೆಂಬರದಲ್ಲಿ ಬ್ರಿಟಿಷರ ವಶವಾದ ಬಸ್ರಾ ಬಂದರಿನಲ್ಲಿ ಮೆಸೊಪೊಟೇಮಿಯದ ದಂಡಿಗೆ ಬೇಕಾದ ಧಾನ್ಯ, ಮದ್ದುಗುಂಡು, ಮರಮುಟ್ಟುಗಳೆಲ್ಲವೂ ಇಂಥವರ ತಲೆಯ ಮೇಲೆ ಇಳಿದವು. ಪರ್ಕಳದ ಆ ಹಿರಿಯರು ಯಾವ ಬಯೊನೆಟ್ಟನ್ನೂ ಹಿಡಿದವರಲ್ಲ. ಕತ್ತಿಯನ್ನು ಅವರ ಕೈಗೆ ಕೊಟ್ಟು ಚೀಟಿ ಬರೆದಿದ್ದರೆ ಅವರ ನಿಜವಾದ ಹೊರೆಯನ್ನು ನಾವು ಎಂದೆಂದಿಗೂ ಕೆಳಗಿಳಿಸಿಬಿಡುತ್ತಿದ್ದೆವು.

ಕತ್ತಿಯು ಮನೆಗೆ ಬಂದ ಬಗೆಯನ್ನು ಹೇಳಿದವರು ಆ ಮನೆಯ ಅತ್ಯಂತ ಹಿರಿಯ ಅತ್ತೆಯವರು. ತೊಂಬತ್ತು ದಾಟಿದ ಅವರು ೧೯೫೨ರಲ್ಲಿ ಮದುವೆಯಾಗಿ ಆ ಮನೆಗೆ ಬಂದವರು. ನಾನೇ ಅವರನ್ನು ಕಾಣಲು ಹೋದಾಗ ನಗುತ್ತಾ ತಿಳಿಸಿದರು: ಅವರು ಬಂದು ಎರಡು ಮೂರು ಮಳೆಗಾಲಗಳ ಮೇಲೆ, ಮಾವನವರು ಉಡುಪಿಯ ಗುಜರಿಯವನೊಬ್ಬನಿಂದ ಒಂದು ಕಬ್ಬಿಣದ ಬಾಣಲೆಯನ್ನೂ ಸೈನ್ಯದಿಂದ ಹೊರಬಿದ್ದ ಈ ಕತ್ತಿಯನ್ನೂ ಒಟ್ಟಿಗೆ ಕೊಂಡು ತಂದರು, ತುದಿಯು ಮಕ್ಕಳಿಗೆ ತಾಗೀತೆಂದು ಆಚಾರಿಯ ಕೈಯಲ್ಲಿ ದುಂಡಗೆ ಮಾಡಿಸಿದರು, ಅಂದಿನಿಂದ ಹಲಸಿನಹಣ್ಣು ಸೀಳುವುದಕ್ಕೆ ಅದೇ. ಕಾಟಕಾಯಿಯ ಕಥೆ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ, ಮಕ್ಕಳು ಅದನ್ನು ಮುಟ್ಟದಿರಲೆಂದು ಹೆದರಿಸಲು ತಮ್ಮ ಗಂಡ ಹೇಳುತ್ತಿದ್ದದ್ದು ಎಂದರು. ಇಷ್ಟು ದಿನ ಇದನ್ನೇಕೆ ಹೇಳಲಿಲ್ಲ ಎಂದು ಮೊಮ್ಮಗ ಕೇಳಿದರೆ, ನನ್ನನ್ನು ಯಾರು ಕೇಳಿದರು ಎಂದು ಅವರ ಉತ್ತರ.

ನಮ್ಮ ಹುಡುಗಿಯರಲ್ಲಿ ಕೆಲವರು, ಇದನ್ನು ಮೊದಲೇ ಕೇಳಿದ್ದರೆ ಅಳತೆ, ಎಣ್ಣೆ, ದೀಪಗಳ ಶ್ರಮ ಉಳಿಯುತ್ತಿತ್ತಲ್ಲಾ ಎಂದರು. ನನಗೆ ಹಾಗೆ ತೋರುವುದಿಲ್ಲ. ಅತ್ತೆಯವರ ಮಾತನ್ನು ನಾವು ನಂಬಿದ್ದು ಅದು ೨೪ ಎಂಬ ಮುದ್ರೆಯ ಸಂಗಡವೂ ದುಂಡಗಾದ ತುದಿಯ ಸಂಗಡವೂ ಮೇಣದ ಸಂಗಡವೂ ಹೊಂದಿಕೊಂಡದ್ದರಿಂದ. ಕಾಟಕಾಯಿಯ ಕಥೆಯನ್ನು ಹೇಳಿದವರೂ ಮನೆಯ ಹಿರಿಯರೇ ಅಲ್ಲವೇ?

ಇನ್ನೊಂದು ಲೌಕಿಕ ವಿಷಯವನ್ನೂ ಇಲ್ಲಿ ಹೇಳಬೇಕು. ಪರದೇಶದಲ್ಲಿರುವ ಬಂಧುಗಳೊಬ್ಬರು ಕತ್ತಿಯ ಪಟವನ್ನು ನೋಡಿ, ತಮಗೆ ಕಳುಹಿಸಿಕೊಡಬೇಕೆಂದು ಕೇಳಿದ್ದರಂತೆ. ೧೯೭೨ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದ, ಚಾರಿತ್ರಿಕ ಮಹತ್ವವುಳ್ಳ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ೧೯೧೮ರ ಜನವರಿಯಲ್ಲಿ ಹುಟ್ಟಿದ ವಸ್ತುವಿಗೆ ೨೦೧೮ರ ಜನವರಿಯಲ್ಲಿಯೇ ನೂರು ತುಂಬಿತು. ಮಹತ್ವ ಉಂಟೋ ಇಲ್ಲವೋ ಎಂಬದನ್ನು ನಿರ್ಣಯಿಸಬೇಕಾದವರು ಪುರಾತತ್ತ್ವ ಇಲಾಖೆಯವರು, ಅಂಚೆ ಗುಮಾಸ್ತರಲ್ಲ ಎಂದು ತಂದೆಯವರಿಗೆ ಹೇಳಿದೆನು. ಅವರು ಬಂಧುಗಳಿಗೆ ಪಟವನ್ನೇ ಇಟ್ಟುಕೊಳ್ಳಲು ಬರೆದರು.

ಪ್ರದರ್ಶನದ ಚೀಟಿಗಳನ್ನು ಹುಡುಗಿಯರೇ ಬರೆದರು. ಕತ್ತಿಯದು: ‘ಬ್ರಿಟಿಷ್ ಬಯೊನೆಟ್ಟು, ೧೯೦೭ರ ಮಾದರಿ, ಶೆಫೀಲ್ಡಿನಲ್ಲಿ ೧೯೧೮ರ ಜನವರಿಯಲ್ಲಿ ಮಾಡಿದ್ದು, ೧೯೨೪ರಲ್ಲಿ ಸೈನ್ಯದಲ್ಲಿ ಬಳಕೆಯಲ್ಲಿತ್ತು, ೧೯೫೫ರ ಸುಮಾರಿನಿಂದ ಪರ್ಕಳದಲ್ಲಿ ಹಲಸು ಕೊಯ್ಯಲು.’ ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ ಕರೆತಂದಿದ್ದರು. ಅವರು ಚೀಟಿಯನ್ನು ಓದಿಸಿ ಕೇಳಿ, ವೈಶಾಖದೊಳಗೆ ಕತ್ತಿಯನ್ನು ಹಿಂದಕ್ಕೆ ಕೊಡಬೇಕು, ಅಂಗಡಿಯ ಕತ್ತಿಗಳಿಗೆ ಬಕ್ಕೆಯ ಹಲಸು ಬಗ್ಗುವುದಿಲ್ಲ ಎಂದು ನನಗೆ ತಾಕೀತು ಮಾಡಿದರು. ಪದಕವನ್ನು ಇನ್ನೊಂದು ಮೇಜಿನ ಮೇಲೆ, ಗೇಣಿಚೀಟಿನ ಪಕ್ಕದಲ್ಲಿ, ಬಿಳಿಯ ಬಟ್ಟೆಯ ಮೇಲೆ ಇಟ್ಟಿದ್ದೆವು. ನೋಡುವವರು ಅಂಚಿನ ಮೇಲ್ಬದಿಯನ್ನು ನೇರವಾಗಿಯೂ ಕೆಳಬದಿಯನ್ನು ಕನ್ನಡಿಯಲ್ಲಿಯೂ ಓದಲು ಬರುವಂತೆ, ಆ ಮನೆಯ ಹುಡುಗಿ ಅದನ್ನು ನೆಟ್ಟಗೆ ನಿಲ್ಲಿಸಿ, ಅಡಿಗೆ ಒಂದು ಚಿಕ್ಕ ಕನ್ನಡಿಯನ್ನು ಹಾಸಿದ್ದಳು.